ಅಮ್ಮ ಕೂತರೆ ಹದಿಮೂರು

ಆ ಕಾರನ್ನು ಮೊದಲ ಸಲ ನೋಡಿದಾಗ ನನ್ನ ಬಾಯಿಂದ ಬಂದ ಮಾತು, "ಇಷ್ಟೇನಾ?" ಬೇಲೂರಿನಾಚೆಯ ಕಾಫಿ ತೋಟದ ಮಾಲೀಕರೊಬ್ಬರು ತಮ್ಮ ವಿದೇಶಿ ಕಾರನ್ನು ಮಾರುತ್ತಾರಂತೆ ಎಂದು ತಿಂಗಳಿಂದ ಅಪ್ಪ ಕನವರಿಸುತ್ತಿದ್ದರು. ನಾನೋ ಮದುವೆ ಛತ್ರದ ಮುಂದೆ ನಿಲ್ಲುವಂಥ ಉದ್ದನೆಯ ಗಾಡಿಯನ್ನು ಕಲ್ಪಿಸಿಕೊಂಡಿದ್ದೆ. ಶೆಡ್ಡಿನಲ್ಲಿ ನಿಂತಿದ್ದದ್ದು ಗಿಡ್ಡಗೆ, ಗುಂಡಗೆ, ಕಡುನೀಲಿ ಬಣ್ಣದ ಪುಟ್ಟ ಕಾರು. ಬಾಗಿಲು ತೆಗೆದು ಒಳಗೆ ಕೂತ ಮೇಲೆ ನನ್ನ ಬಾಯಿ ಕಟ್ಟಿಹೋಯಿತು. ಚರ್ಮದ ಸೀಟು, ಮರದ ಹಲಗೆ ಕೂರಿಸಿದ ಡ್ಯಾಶ್‌ಬೋರ್ಡು, ಬಾಗಿಲು ಹಾಕಿದರೆ ಹೊರಗಿನ ಸದ್ದೇ ಇಲ್ಲ. ಅಪ್ಪ ಕೀಲಿ ತಿರುಗಿಸಿ ಆಕ್ಸಿಲರೇಟರನ್ನು ಸ್ವಲ್ಪವೇ ಮುಟ್ಟಿದರು. ಅಷ್ಟಕ್ಕೇ ಅದು ಗುರ್ರೆಂದಿತು. ಅಪ್ಪ ನನ್ನ ಕಡೆ ನೋಡಿದರು. ಆ ಮುಖವನ್ನು ನಾನು ಐದು ವರ್ಷದಿಂದ ನೋಡಿರಲಿಲ್ಲ.

ಐದು ವರ್ಷ ಯಾಕೆಂದು ಹೇಳಬೇಕು. ಅಪ್ಪ ರೈಲ್ವೆಯಲ್ಲಿ ಡ್ರೈವರ್ ಆಗಿದ್ದವರು, ಡೀಸೆಲ್ ಇಂಜಿನ್ ಓಡಿಸುತ್ತಿದ್ದವರು. ಅರಸೀಕೆರೆ ಜಂಕ್ಷನ್ನಿನ ಹತ್ತಿರವೇ ನಮ್ಮ ಮನೆ. ನಿವೃತ್ತಿಗೆ ಇನ್ನೂ ಕೆಲವು ವರ್ಷವಿದ್ದಾಗ ಕಣ್ಣಿನ ಪರೀಕ್ಷೆಯಲ್ಲಿ ದೂರದ ಸಾಲೊಂದನ್ನು ಓದಲಾಗದೆ ಹೋದದ್ದಕ್ಕೆ ಇಂಜಿನ್ನಿನಿಂದ ಇಳಿಸಿ ಕುರ್ಚಿ ಮೇಲೆ ಕೂರಿಸಿದರು. ಕನ್ನಡಕ ಹಾಕಿದರೆ ಎಲ್ಲವೂ ಕಾಣುತ್ತಿತ್ತು, ಆದರೆ ರೈಲಿನ ಲೆಕ್ಕವೇ ಬೇರೆ. ಉಳಿದ ಸರ್ವೀಸನ್ನು ಬೇರೆ ಡ್ರೈವರುಗಳ ಡ್ಯೂಟಿ ಬರೆಯುತ್ತ ಕಳೆದರು. ಮನೆಯಲ್ಲಿ ಒಂದು ದಿನವೂ ಗೊಣಗಲಿಲ್ಲ. ಸುಮ್ಮನೆ ಒಂದು ಕಾರಿನ ಲೈಸೆನ್ಸ್ ಮಾಡಿಸಿಕೊಂಡರು. ಕಾರೇ ಇಲ್ಲದವರಿಗೆ ಲೈಸೆನ್ಸು! ಸೈಕಲ್ ತುಳಿದುಕೊಂಡು ಹೋಗಿ ತರಕಾರಿ ತರುವಾಗಲೂ ಅದು ಅವರ ಜೇಬಿನಲ್ಲಿರುತ್ತಿತ್ತು. ಯಾರಾದರೂ ಗೆಳೆಯರು ಊರಿಗೆ ಕಾರು ತಂದರೆ ಕೀಲಿ ಇಸಿದುಕೊಂಡು ಒಂದು ಸುತ್ತು ಹೊಡೆದು ಬರುತ್ತಿದ್ದರು.

ಇಂಜಿನ್ ಓಡಿಸುವ ಕಾಲದಲ್ಲಿ ಅಪ್ಪನಿಗೆ ಒಂದೇ ಜಂಬ. ಯಾವ ಟ್ರಿಪ್ಪಿನಲ್ಲಿ ಯಾರು ಎಷ್ಟು ಡೀಸೆಲ್ ಸುಟ್ಟರು ಎಂದು ಶೆಡ್ಡಿನಲ್ಲಿ ಲೆಕ್ಕ ಇಡುತ್ತಿದ್ದರು, ಅದರಲ್ಲಿ ಕಡಿಮೆ ಸುಟ್ಟವರ ಸಾಲಿನಲ್ಲಿ ಅಪ್ಪ ಸದಾ ಇರುತ್ತಿದ್ದರು. ಮನೆಗೆ ಬಂದು ಬೂಟು ಬಿಚ್ಚುವಾಗಲೇ "ಇವತ್ತು ಕಮ್ಮಿ ಕುಡೀತು ಕಣಮ್ಮ" ಎನ್ನುತ್ತಿದ್ದರು. ಚಿಕ್ಕವಳಾಗಿದ್ದಾಗ ಇಂಜಿನ್ ಎಂಬುದು ಕುಡುಕರ ಜಾತಿಯ ಏನೋ ಒಂದು ಎಂದೇ ನಾನು ತಿಳಿದಿದ್ದೆ.

ಅಮ್ಮನದು ಇನ್ನೊಂದು ಬಗೆ. ಗ್ಯಾಸ್ ಸಿಲಿಂಡರ್ ಕೂರಿಸಿದ ದಿನ ಕ್ಯಾಲೆಂಡರಿನಲ್ಲಿ ಒಂದು ಗೀರು ಹಾಕುವವಳು. ಖಾಲಿಯಾದ ದಿನ ಇನ್ನೊಂದು ಗೀರು. ಹೋದ ಸಲಕ್ಕಿಂತ ಒಂದು ದಿನ ಕಡಿಮೆ ಬಂದರೂ ಅವತ್ತು ಮನೆಯಲ್ಲಿ ಯಾರಿಗೂ ಎರಡನೇ ಸಲ ಕಾಫಿ ಇಲ್ಲ. ಇಂಥ ಇಬ್ಬರ ಮಧ್ಯೆ ಬೆಳೆದ ನಾನು ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆದೆ. ಆಗಿನ್ನೂ ನನಗೆ ಮದುವೆಯಾಗಿರಲಿಲ್ಲ. ನನಗೆ ಎಲ್ಲವೂ ಗೊತ್ತು ಎಂಬ ಧಿಮಾಕು ಮಾತ್ರ ಬೇಕಾದಷ್ಟಿತ್ತು.

ಕಾರಿನ ವಿಷಯ ಎತ್ತಿದ ದಿನವೇ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಕೊಡ್ತೈತೆ?"

ನಮ್ಮ ಕಡೆ ಕಾರಿನ ಬಗ್ಗೆ ಮೊದಲು ಕೇಳುವುದು ಇದನ್ನೇ. ಬಣ್ಣ, ಕಂಪನಿ, ಸ್ಪೀಡು ಎಲ್ಲ ಆಮೇಲೆ. ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ ಎನ್ನುವುದು ಹೆಣ್ಣಿಗೆ ಅಡುಗೆ ಬರುತ್ತಾ ಎಂದು ಕೇಳಿದ ಹಾಗೆ. ಅಪ್ಪ ತಡವರಿಸಿದರು. ಅಂಥ ಕಾರುಗಳು ಆರು ಕೊಟ್ಟರೆ ಹೆಚ್ಚು ಎಂದು ಊರಿನವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ಎದುರು ಮನೆಯವರ ಸಣ್ಣ ಕಾರು ಹದಿನೈದು ಕೊಡುತ್ತಿತ್ತು. ಅಮ್ಮ ಹದಿನೈದರಿಂದ ಶುರು ಮಾಡಿದಳು. ಅಪ್ಪ ಎಂಟು ಎಂದರು. ಸಂತೆಯಲ್ಲಿ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡಿದ ಹಾಗೆ ಇಬ್ಬರೂ ಗುದ್ದಾಡಿ ಹತ್ತಕ್ಕೆ ನಿಂತರು.

"ಹತ್ತು ಕೊಟ್ರೆ ಇಟ್ಕಳಿ. ಒಂಬತ್ತೂ ಮುಕ್ಕಾಲು ಅಂದ್ರೂ ವಾಪಸ್ಸು. ಆಮೇಲೆ ಮುಖ ಊದಿಸ್ಕಂಡು ಕೂತ್ಕಬಾರ್ದು."

"ಆಯ್ತು ಕಣೇ" ಎಂದರು ಅಪ್ಪ. ಮಾತು ಕೊಟ್ಟರೆ ತಪ್ಪುವವರಲ್ಲ ಅವರು, ಅದೇ ನನಗೆ ಭಯ.

ತೋಟದ ಮಾಲೀಕರು ಒಳ್ಳೆಯವರು. "ಎರಡು ದಿನ ಇಟ್ಕೊಂಡು ಓಡಿಸಿ ನೋಡಿ. ಸೋಮವಾರ ಬೆಳಗ್ಗೆ ಫೋನ್ ಮಾಡಿ ಬೇಕೋ ಬೇಡವೋ ಹೇಳಿಬಿಡಿ. ಹಾಸನದವರೊಬ್ಬರು ಕಾಯ್ತಾ ಇದಾರೆ" ಎಂದರು. ಮೈಲೇಜ್ ಎಷ್ಟು ಎಂದು ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ನಕ್ಕು, "ಅದೇ ತೋರಿಸುತ್ತೆ ನೋಡಿ, ಅಲ್ಲಿ" ಎಂದು ಸ್ಟೀರಿಂಗಿನ ಹಿಂದಿನ ಪುಟ್ಟ ಪರದೆಯತ್ತ ಬೆರಳು ಮಾಡಿದರು.

ಕಾರು ತಾನೇ ತನ್ನ ಮೈಲೇಜ್ ಹೇಳುತ್ತದೆ! ಇಂಥದ್ದನ್ನು ನಾವು ಕಂಡಿರಲಿಲ್ಲ. ಪರದೆಯ ಮೇಲೆ 9.9 ಎಂದಿತ್ತು. ಪಕ್ಕದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು: ಒಂದು ಎಲ್, ಒಂದು ಗೀಟು, ಒಂದು ನೂರು, ಆಮೇಲೆ ಕೆಎಂ. ಅಪ್ಪ ಕನ್ನಡಕ ಸರಿಮಾಡಿಕೊಂಡು, "ಆ ನೂರು ಏನಮ್ಮ?" ಎಂದರು. ನನಗೆ ಗೊತ್ತಿಲ್ಲ ಎನ್ನುವ ಅಭ್ಯಾಸವೇ ಇಲ್ಲವಲ್ಲ. "ನೂರರ ಸ್ಪೀಡಲ್ಲಿ ಹೋದ್ರೆ ಲೀಟರಿಗೆ ಇಷ್ಟು ಕಿಲೋಮೀಟರ್ ಅಂತ" ಎಂದೆ. ಕ್ಲಾಸಿನಲ್ಲಿ ಪ್ರಮೇಯ ಬಿಡಿಸಿದಷ್ಟೇ ಗಟ್ಟಿಯಾಗಿ ಹೇಳಿದೆ. ಅಪ್ಪ ತಲೆಯಾಡಿಸಿದರು.

ಬೇಲೂರು ದಾಟಿ ಹಳೇಬೀಡಿನ ರಸ್ತೆ ಹಿಡಿದೆವು. ಬೇರೆಯವರ ಗಾಡಿ ಎಂಬ ಹೆದರಿಕೆಗೆ ಅಪ್ಪ ನಿಧಾನವಾಗಿ ಓಡಿಸುತ್ತಿದ್ದರು. ಬೇಕಾಗಿದ್ದದ್ದು ಹತ್ತು, ಇದ್ದದ್ದು 9.9, ಒಂದು ಚೂರು ಮೇಲೆ ಹೋದರೆ ಸಾಕು ಎಂದು ನಾನು ಪರದೆಯನ್ನೇ ನೋಡುತ್ತಿದ್ದೆ. ಅದು 9.7 ಆಯಿತು. ಆಮೇಲೆ 9.4. ಹಳೇಬೀಡು ಬರುವಷ್ಟರಲ್ಲಿ 8.9.

"ಇಳೀತಾ ಐತಲ್ಲಮ್ಮ" ಎಂದರು ಅಪ್ಪ. ಆ ಸ್ವರ ಕೇಳಿ ನನಗೆ ಅಳುವೇ ಬಂತು. ಹಳೇಬೀಡಿನಲ್ಲಿ ಕಾರು ನಿಲ್ಲಿಸಿ ಒಂದೊಂದು ಎಳನೀರು ಕುಡಿದೆವು. ಹೊಯ್ಸಳರ ಗುಡಿ ಎದುರಿಗಿದ್ದರೂ ಅತ್ತ ಕತ್ತು ತಿರುಗಿಸಲಿಲ್ಲ. ನನಗೆ ಸಿಟ್ಟು, ಕಾರಿನ ಮೇಲೆ, ಅಮ್ಮನ ಹತ್ತರ ಮೇಲೆ, ಎಳನೀರಿನವನು ಸ್ಟ್ರಾ ಕೊಡದೆ ಹೋದದ್ದರ ಮೇಲೆ.

ಜಾವಗಲ್ ಕಡೆಗೆ ಹೊರಟಾಗ ಅಪ್ಪ ಇದ್ದಕ್ಕಿದ್ದಂತೆ, "ಹೋಗೋದು ಹೆಂಗೂ ಹೋಗ್ತೈತೆ, ಒಂದ್ಸಲ ನೋಡೇಬಿಡಾಣ" ಎಂದು ಆಕ್ಸಿಲರೇಟರ್ ಒತ್ತಿದರು. ಅಬ್ಬಬ್ಬಾ! ಬೆನ್ನು ಸೀಟಿಗೆ ಅಂಟಿಕೊಂಡಿತು. ರಸ್ತೆಬದಿಯ ತೆಂಗಿನ ಮರಗಳು ಸರಸರನೆ ಹಿಂದಕ್ಕೆ ಓಡಿದವು. ಮುಂದೆ ಹೋಗುತ್ತಿದ್ದ ಬಸ್ಸನ್ನು ಯಾವಾಗ ದಾಟಿದೆವೋ ತಿಳಿಯಲಿಲ್ಲ. ಆಗ ಪರದೆಯ ಮೇಲೆ ಕಣ್ಣು ಬಿತ್ತು. 9.2. ನಾನು ಕಣ್ಣುಜ್ಜಿಕೊಂಡೆ. 9.5.

"ಅಪ್ಪಾ! ಏರ್ತಾ ಇದೆ!"

"ಎಲ್ಲಿ?"

"ನೀವು ರಸ್ತೆ ನೋಡಿ, ನಾನು ಹೇಳ್ತೀನಿ. ಏರ್ತಾ ಇದೆ! ನಾನು ಹೇಳಿರಲಿಲ್ವಾ, ಇದು ನೂರರ ಸ್ಪೀಡಿನ ಗಾಡಿ!"

ಇಬ್ಬರಿಗೂ ಹುಚ್ಚು ಹಿಡಿಯಿತು. ಜೋರಾಗಿ ಹೋದಷ್ಟೂ ಅಂಕಿ ಏರುತ್ತಿತ್ತು. ಹಳ್ಳಿ ಬಂದಾಗ ನಿಧಾನ ಮಾಡಿ, ದಾಟಿದ ಕೂಡಲೇ ಮತ್ತೆ ಒತ್ತುವುದು. ಒತ್ತಿದಾಗಲೆಲ್ಲ ಒಂದಿಷ್ಟು ಮೇಲೆ. ಹತ್ತು ದಾಟಿದಾಗ ಹುಟ್ಟಿನಿಂದ ಅಪ್ಪನಿಗೆ ಬಹುವಚನ ಬಿಟ್ಟು ಮಾತಾಡಿರದ ನಾನು "ಒತ್ತು ಅಪ್ಪಾ, ಒತ್ತೋ!" ಎಂದು ಕಿರುಚಿದ್ದೆ. ಅಪ್ಪ ಗಹಗಹಿಸಿ ನಕ್ಕರು. ಅರಸೀಕೆರೆಯಲ್ಲಿ ಮನೆ ಮುಂದೆ ನಿಲ್ಲಿಸಿದಾಗ ಪರದೆಯಲ್ಲಿ 11.6 ಇತ್ತು. ನಾನು ಚಪ್ಪಲಿ ಕೂಡ ಬಿಡದೆ ಒಳಗೆ ಓಡಿ ಅಮ್ಮನ ಕೈ ಹಿಡಿದು ಎಳೆದುಕೊಂಡು ಬಂದೆ.

ಅಮ್ಮ ಕಾರಿನ ಕಿಟಕಿಯೊಳಗೆ ಬಗ್ಗಿ ನೋಡಿದಳು. ಹುಬ್ಬು ಗಂಟಿಕ್ಕಿದಳು.

"ನಮ್ಮನೆ ಸಿಲಿಂಡರ್‌ಗೆ ಮೀಟ್ರು ಮುಳ್ಳೈತಾ?"

"ಇಲ್ಲ" ಎಂದೆ.

"ಮತ್ತೆ ಎಷ್ಟು ದಿನ ಬಂತು ಅಂತ ನಂಗೆ ಹೆಂಗೆ ಗೊತ್ತಾಗ್ತೈತೆ? ತುಂಬ್ಸಿದ್ದು ಯಾವಾಗ, ಮುಗಿದಿದ್ದು ಯಾವಾಗ, ಅಷ್ಟೇಯ. ಅದು ತನ್ನ ಬಗ್ಗೆ ತಾನೇ ಹೇಳ್ಕಂಡ್ರೆ ನಾನು ನಂಬಬೇಕಾ? ನಾಳೆ ಕಂಠಪೂರ್ತಿ ಪೆಟ್ರೋಲ್ ಹಾಕ್ಸಿ. ಬೇಲೂರ್ಗಂಟ ಹೋಗಿ ಬರಾಣ. ಬಂದು ಅಲ್ಲೇ ಮತ್ತೆ ಕಂಠಪೂರ್ತಿ ಹಾಕ್ಸಿ. ಎಷ್ಟು ಹಿಡೀತೈತೋ ಅಷ್ಟು ಖರ್ಚಾಗೈತೆ. ನಾನೂ ಬತ್ತೀನಿ."

ಕೊನೆಯ ಮಾತಿಗೆ ಅಪ್ಪ, ನಾನು ಮುಖ ಮುಖ ನೋಡಿಕೊಂಡೆವು. ಅಮ್ಮನಿಗೆ ಸ್ಪೀಡು ಎಂದರೆ ಆಗದು. ಆಟೋದವನು ಮೂರನೇ ಗೇರಿಗೆ ಹೋದರೆ ಬೆನ್ನಿಗೆ ಗುದ್ದುವವಳು. ಅವಳನ್ನು ಕೂರಿಸಿಕೊಂಡು ನೂರರಲ್ಲಿ ಹೋಗುವುದು ಹೇಗೆ? ಹೋಗದಿದ್ದರೆ ಹತ್ತು ಬರುವುದು ಹೇಗೆ?

ಭಾನುವಾರ ಬೆಳಗ್ಗೆ ಬಂಕಿನಲ್ಲಿ ಟ್ಯಾಂಕಿನ ಬಾಯಿ ತನಕ ತುಂಬಿಸಿ, ಕಿಲೋಮೀಟರನ್ನು ಸೊನ್ನೆಗೆ ತಂದು, ಮೈಲೇಜಿನ ಅಂಕಿಯನ್ನೂ ಅಳಿಸಿ ಹೊರಟೆವು. ಅಮ್ಮ ಮುಂದೆ ಕೂತಳು. ಮಡಿಲಲ್ಲಿ ಒಂದು ಸ್ಟೀಲ್ ಪಾತ್ರೆ, ಅದರ ತುಂಬ ಮಜ್ಜಿಗೆ. ಮುಚ್ಚಳ ಸಡಿಲ.

"ಇದನ್ನ ಯಾಕಮ್ಮ ತಂದೆ? ಹಿಂದೆ ಕೊಡು, ನಾನು ಹಿಡ್ಕೋತೀನಿ" ಎಂದೆ.

"ಬ್ಯಾಡ. ನೀನು ಅರ್ಧ ಚೆಲ್ತೀಯ. ರೀ, ಮಜ್ಜಿಗೆ ಚೆಲ್ದಂಗೆ ಓಡಿಸ್ರೀ. ರೇಷ್ಮೆ ಸೀರೆ ಉಟ್ಟಿದೀನಿ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಊರು ಬಿಡುವಾಗ 10.8 ಇದ್ದದ್ದು ಜಾವಗಲ್ ಬರುವ ಮೊದಲೇ 9.1 ಆಯಿತು. ನಾನು ಹಿಂದಿನ ಸೀಟಿನ ನಡುವೆ ಕೂತು ಇಬ್ಬರ ಭುಜದ ಸಂದಿಯಿಂದ ಪರದೆಯನ್ನೇ ದಿಟ್ಟಿಸುತ್ತಿದ್ದೆ. ಅಪ್ಪ ಮಾತ್ರ ಮಜ್ಜಿಗೆ ಪಾತ್ರೆಗೆ ತಕ್ಕಂತೆ ಓಡಿಸುತ್ತಿದ್ದರು. ಇಳಿಜಾರು ಇನ್ನೂ ದೂರವಿರುವಾಗಲೇ ಕಾಲು ಎತ್ತಿಬಿಡುತ್ತಿದ್ದರು. ಕಾರು ತನ್ನ ಪಾಡಿಗೆ ತಾನು ಉರುಳಿಕೊಂಡು ಹೋಗುತ್ತಿತ್ತು. ಎದುರಿಗೆ ದನ ಕಂಡರೆ ಬ್ರೇಕು ಹಾಕುವ ಪ್ರಶ್ನೆಯೇ ಇಲ್ಲ, ಅದಾಗಲೇ ನಿಧಾನ ಆಗಿರುತ್ತಿತ್ತು. ಒಂದು ಏರಿನ ಮುಂದೆ ಎಷ್ಟು ಬೇಕೋ ಅಷ್ಟೇ ಒತ್ತಿ, ನೆತ್ತಿ ತಲುಪುವಷ್ಟರಲ್ಲಿ ಪೂರಾ ಬಿಟ್ಟರು. ಒಂದು ತೊಟ್ಟು ಮಜ್ಜಿಗೆ ತುಳುಕಲಿಲ್ಲ.

ಹಳೇಬೀಡಿನ ಬಸದಿಗಳ ಹತ್ತಿರ ಮರದ ನೆರಳಲ್ಲಿ ಅಮ್ಮ ಮಜ್ಜಿಗೆ ಕುಡಿಸಿದಳು. ಪಾತ್ರೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಅದನ್ನು ಕುಡಿದು ಮುಗಿಸೋಣ, ಪಾತ್ರೆ ಖಾಲಿಯಾದರೆ ಅಪ್ಪ ಜೋರಾಗಿ ಹೋಗಬಹುದು ಎಂದು ನಾನು ಒಂದರ ಮೇಲೊಂದು ಮೂರು ಲೋಟ ಕುಡಿದೆ. ಅಮ್ಮ ಹತ್ತಿರದ ಮನೆಯೊಂದರಲ್ಲಿ ನೀರು ಇಸಿದುಕೊಂಡು ಬಂದು ಸುರಿದು ಮತ್ತೆ ಪಾತ್ರೆ ತುಂಬಿಸಿದಳು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಬೇಲೂರಲ್ಲಿ ಊಟ ಮಾಡಿ, ಬಂದ ದಾರಿ ಬೇಡ, ಹಳೇಬೀಡಿನ ತನಕ ಹಗರೆಯ ಮೇಲಿಂದ ಹೋಗೋಣ ಎಂದು ತಿರುಗಿದೆವು. ಅಷ್ಟರಲ್ಲಿ 8.1 ಆಗಿತ್ತು. ಹಗರೆಯ ಮೇನ್ ರೋಡು ನೆಟ್ಟಗಿತ್ತು, ಖಾಲಿಯಿತ್ತು. ನಾನು ತಡೆಯಲಾರದೆ ಮುಂದೆ ಬಗ್ಗಿ, "ಅಪ್ಪಾ, ಇಲ್ಲೊಂಚೂರು..." ಎಂದೆ. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಅವರಿಗೆ ಅರ್ಥವಾಗಿತ್ತು. ಅವರ ಕಾಲು ಆಕ್ಸಿಲರೇಟರ್ ಮೇಲೆ ಬಿಗಿಯಾದದ್ದನ್ನೂ ಕಂಡೆ.

ಆಗಲೇ ಅಮ್ಮ ಬಾಯಿ ತೆರೆದಳು.

"ನೀವು ಓಡಿಸೋದನ್ನ ನಾನು ನೋಡೇ ಇರ್ಲಿಲ್ಲ ಕಣ್ರೀ."

ಅವಳು ಪಾತ್ರೆಯನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

"ನಿಮ್ಮ ಇಂಜಿನ್ ಹಾರ್ನ್ ಕೇಳಿ ಸಾರು ಬಿಸಿಗಿಡ್ತಿದ್ದೆ. ಓ ಬಂದ್ರು ಅಂತ. ಅಷ್ಟೇ ನಂಗೆ ಗೊತ್ತಿದ್ದಿದ್ದು. ಒಳಗೆ ಕೂತು ಏನು ಮಾಡ್ತೀರಿ ಅಂತ ಏನು ಕಂಡಿದ್ದೆ ನಾನು." ಅವಳು ಅಪ್ಪನ ಕೈಯನ್ನು ನೋಡುತ್ತಿದ್ದಳು. "ಚೆನ್ನಾಗಿ ಓಡಿಸ್ತೀರ ಕಣ್ರೀ. ಕೂತಿರೋದೇ ಗೊತ್ತಾಗಲ್ಲ."

ಅಪ್ಪನ ಕಾಲು ಸಡಿಲವಾಯಿತು. ನಾನು ಇನ್ನೊಮ್ಮೆ "ಅಪ್ಪಾ" ಎಂದೆ. "ಇರ್ಲಿ ಬಿಡಮ್ಮ" ಎಂದರು, ಮೆತ್ತಗೆ. ಕಾರು ಕೈಬಿಟ್ಟರೂ ಸರಿ, ಈ ದಾರಿಯನ್ನು ಹೀಗೇ ಮುಗಿಸುತ್ತೇನೆ ಎಂದು ಅವರು ನಿರ್ಧರಿಸಿಬಿಟ್ಟಿದ್ದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಮತ್ತೆ ಹಳೇಬೀಡು, ಮತ್ತೆ ಜಾವಗಲ್, ಕೊನೆಗೆ ಅರಸೀಕೆರೆಯ ಕೊಬ್ಬರಿ ಮಂಡಿಗಳು ಬಂದವು. ಬಂಕಿಗೆ ಹೊಕ್ಕಾಗ ಪರದೆಯಲ್ಲಿ 7.7.

ಅಮ್ಮ ಅದನ್ನು ಓದಿದಳು. ಅಪ್ಪ ಇಂಜಿನ್ ಆರಿಸಿ, ಡ್ಯಾಶ್‌ಬೋರ್ಡಿನ ಮರದ ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿ ಕೆಳಗಿಳಿದರು.

ಬಂಕಿನವನು ಪೈಪು ಹಾಕಿದ. ಮೀಟರ್ ತಿರುಗಿತು. ಹದಿನೇಳು ಲೀಟರಾದರೂ ಹಿಡಿಯುತ್ತದೆ ಎಂದು ನಾನು ಮನಸ್ಸಿನಲ್ಲೇ ಭಾಗಿಸಿ ಇಟ್ಟುಕೊಂಡಿದ್ದೆ. ಹತ್ತಕ್ಕೆ ಅದು ಟಕ್ಕೆಂದು ನಿಂತಿತು.

"ಫುಲ್ ಆಯ್ತು ಸಾರ್."

"ಎಲ್ಲಿ ಆಯ್ತು?" ಎಂದು ನಾನು ಸಿಡುಕಿದೆ. "ಸರಿಯಾಗಿ ಹಾಕ್ರೀ! ಬಾಯಿ ತನಕ ಬರಬೇಕು. ಬೆಳಗ್ಗೆ ನೀವೇ ತಾನೇ ಹಾಕಿದ್ದು?"

ಅವನು ಪಾಪ ಮತ್ತೊಮ್ಮೆ ಒತ್ತಿದ. ಪೆಟ್ರೋಲ್ ಉಕ್ಕಿ ನನ್ನ ಚಪ್ಪಲಿ ಮೇಲೆ ಚೆಲ್ಲಿತು. ಬಾಯಿ ತನಕ ಬಂದೇ ಇತ್ತು.

ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಎಷ್ಟು ಹಿಡೀತು?"

"ಹತ್ತು."

"ಓಡಿದ್ದೆಷ್ಟು?"

"ನೂರ ಮೂವತ್ತು."

"ಅಂದ್ರೆ?"

"ಹದಿಮೂರು" ಎಂದೆ. ಹೇಳಿದ ಮೇಲೆ ನನ್ನ ಕಿವಿಯೇ ನಂಬಲಿಲ್ಲ. ಹದಿಮೂರು! ಹಾಗಾದರೆ ಈ 7.7? ಮೀಟರ್ ಕೆಟ್ಟಿದೆಯೋ, ಟ್ಯಾಂಕು ಕೆಟ್ಟಿದೆಯೋ, ನನ್ನ ತಲೆ ಕೆಟ್ಟಿದೆಯೋ ಒಂದೂ ತಿಳಿಯದೆ ನಿಂತೆ. ಅಪ್ಪ ಬಾಗಿಲಿನಿಂದ ಬಗ್ಗಿ ಆ ಸಣ್ಣ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ನನ್ನನ್ನು ಕೇಳಿದರು.

"ಮೇಡಮ್ಮೋರೇ, ನೂರ ಮೂವತ್ತು ಕಿಲೋಮೀಟ್ರಿಗೆ ಹತ್ತು ಲೀಟ್ರು ಕುಡಿದ್ರೆ, ನೂರು ಕಿಲೋಮೀಟ್ರಿಗೆ ಎಷ್ಟು ಕುಡೀತು?"

"ಏಳು ಪಾಯಿಂಟ್ ಆರು..." ಎಂದು ಶುರು ಮಾಡಿದವಳು ಅಲ್ಲೇ ನಿಂತೆ. ಏಳು ಪಾಯಿಂಟ್ ಏಳು. ಎಲ್, ಗೀಟು, ನೂರು, ಕೆಎಂ. ಏಳನೇ ಕ್ಲಾಸಿನ ಮಕ್ಕಳಿಗೆ ಅನುಪಾತ ಕಲಿಸುವ ನಾನು!

ಅಪ್ಪ ನಗಲು ಶುರು ಮಾಡಿದರು. ಕಾರಿನ ಮೇಲೆ ಕೈಯೂರಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಇದು ಕೊಟ್ಟಿದ್ದಲ್ಲ ಕಣಮ್ಮ, ಕುಡಿದಿದ್ದು! ಶೆಡ್ಡಲ್ಲಿ ಬರೀತಿದ್ದಂಗೇ ಬರ್ದೈತೆ ನೋಡು. ಮೂವತ್ತು ವರ್ಷ ಇದೇ ಲೆಕ್ಕ ನೋಡ್ಕಂಡು ಬಂದೋನು ನಾನು, ನಿನ್ನ ಮಾತು ಕೇಳಿ ಕೆಟ್ಟೆ." ಮತ್ತೆ ಏನೋ ನೆನಪಾಗಿ ನಗು ತಡೆದರು. "ಹಂಗಾದ್ರೆ ನೆನ್ನೆ ನಾವು..."

ನೆನ್ನೆ ನಾವು ಕಿರುಚಿ, ಕುಣಿದು, ಒತ್ತಿ ಒತ್ತಿ ಅದಕ್ಕೆ ಕುಡಿಸಿದ್ದೆವು. ನೂರಕ್ಕೆ 11.6 ಲೀಟರ್. ನಾನು ಭಾಗಿಸಿದೆ. ಲೀಟರಿಗೆ ಒಂಬತ್ತೂ ಇಲ್ಲ. ಇವತ್ತೂ ಅಮ್ಮನನ್ನು ಮನೆಯಲ್ಲಿ ಬಿಟ್ಟು ಅದೇ ಹುಚ್ಚಾಟ ಆಡಿದ್ದರೆ ಇದೇ ಬಂಕಿನಲ್ಲಿ ಕಾರು ಕೈಬಿಟ್ಟು ಹೋಗುತ್ತಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು, ಆದರೆ ಸಂತೋಷದಲ್ಲಿ ನನಗೆ ನಾಲಿಗೆ ನಿಲ್ಲುವುದಿಲ್ಲ. ಎಲ್ಲವನ್ನೂ ಅಮ್ಮನಿಗೆ ಒದರಿಬಿಟ್ಟೆ, ಜಾವಗಲ್ ರಸ್ತೆಯ ಸ್ಪೀಡನ್ನೂ ಸೇರಿಸಿ. ಅಪ್ಪ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರು. ಅಮ್ಮ ಮಜ್ಜಿಗೆ ಪಾತ್ರೆ ಹಿಡಿದುಕೊಂಡು ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ನಾನು ಕೂತ್ರೆ ಹದಿಮೂರು, ನಾನಿಲ್ದಿದ್ರೆ ಒಂಬತ್ತೂ ಇಲ್ಲ."

"ಹೂಂ" ಎಂದರು ಅಪ್ಪ, ತಪ್ಪು ಮಾಡಿದ ಹುಡುಗನ ದನಿಯಲ್ಲಿ.

"ನಾನು ಹೇಳಿದ್ದು ಹತ್ತು."

"ಹೂಂ."

"ಹಂಗಾದ್ರೆ ನಾನು ಕೂರ್ದೆ ಇದು ಮನೆ ಬಿಟ್ಟು ಹೊರಡಂಗಿಲ್ಲ. ಹಾಲಿಗೆ ಹೋದ್ರೂ ಸರಿ, ಬೇಲೂರಿಗೆ ಹೋದ್ರೂ ಸರಿ."

ಅಪ್ಪ ಅವಳ ಕಿಟಕಿಯ ಹತ್ತಿರ ಬಂದರು. ಆಮೇಲೆ ಹೇಳಿದರು, "ಇಂಜಿನ್ನಲ್ಲಿ ನಿಂಗೆ ಸೀಟ್ ಇರ್ಲಿಲ್ಲ ಕಣೇ."

ಅಮ್ಮ ಸೆರಗಿನ ತುದಿಯಿಂದ ಪಾತ್ರೆಯ ಮುಚ್ಚಳವನ್ನು ಒರೆಸಿದಳು, ಅಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. ಅಪ್ಪ ಸುತ್ತಿ ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಕೀಲಿ ತಿರುಗಿಸುವ ಮೊದಲು, ಬಂಕಿನಲ್ಲಿ ಹಾರ್ನ್ ಹೊಡೆಯಬಾರದೆಂದು ಬೋರ್ಡು ಇದ್ದರೂ, ಒಂದು ಸಲ ಉದ್ದಕ್ಕೆ ಹಾರ್ನ್ ಹೊಡೆದರು. ಸೋಮವಾರ ಬೆಳಗ್ಗೆ ತೋಟದ ಮಾಲೀಕರಿಗೆ ಫೋನ್ ಮಾಡಿದ್ದು ಅಮ್ಮ. ಆ ಕಾರು ನಮ್ಮಲ್ಲಿ ಇದ್ದಷ್ಟು ವರ್ಷವೂ ಮುಂದಿನ ಸೀಟು ನನಗೆ ಸಿಗಲಿಲ್ಲ.